ಹಸಿರು ಮರವೂ ಬೀಳುತ್ತದೆ: ಮನೆ ಪಕ್ಕದ ಮರದ ದೋಷ ಹುಡುಕುವುದು, ಆಮೇಲೆ ತೆಗೆಸುವುದು

ಏಪ್ರಿಲ್ ಕೊನೆಗೆ ಎರಡು ಗಾಳಿಮಳೆ ಬಿದ್ದರೆ ಸಾಕು, ನನಗೆ ಫೋನ್ ಬರೋಕೆ ಶುರು. "ಮನೆ ಪಕ್ಕ ಒಂದು ಮರ ಇದೆ, ಭಯ ಆಗ್ತಿದೆ, ತೆಗೆದುಕೊಡಿ." ಹೋಗಿ ನೋಡಿದರೆ ಎಷ್ಟೋ ಸಲ ಅವರು ಬೆರಳು ಮಾಡಿದ ಮರ ಗಟ್ಟಿಯಾಗೇ ಇರುತ್ತದೆ. ಯಾರೂ ಕಣ್ಣೆತ್ತಿ ನೋಡದ ಪಕ್ಕದ ಮರ ಒಳಗೆ ಟೊಳ್ಳಾಗಿರುತ್ತದೆ.

ನಮ್ಮ ಮನೆಯಲ್ಲೇ ಹೀಗಾಗಿತ್ತು. ಹಿತ್ತಲಲ್ಲಿ ಒಂದು ಮಾವು, ಒಂದು ಹಲಸು. ಮಾವು ನಾನು ಹುಟ್ಟುವ ಮೊದಲಿಂದಲೂ ಕೊಟ್ಟಿಗೆ ಕಡೆ ವಾಲಿಕೊಂಡೇ ಇತ್ತು. ಪ್ರತಿ ಮಳೆಗಾಲಕ್ಕೂ ಅದನ್ನು ಕಡಿಸುವ ಮಾತು ಬರುತ್ತಿತ್ತು. ಹಲಸಿನ ಸುದ್ದಿಗೆ ಯಾರೂ ಹೋಗಿರಲಿಲ್ಲ. ನೆಟ್ಟಗೆ ನಿಂತಿತ್ತು, ಎಲೆ ದಟ್ಟವಾಗಿತ್ತು, ವರ್ಷ ವರ್ಷ ಕಾಯಿ ಬಿಡುತ್ತಿತ್ತು. ಒಂದು ಜುಲೈ ರಾತ್ರಿ ಬಿದ್ದದ್ದು ಆ ಹಲಸು. ಹೇಳಿಕೊಳ್ಳುವಂಥ ಗಾಳಿಯೂ ಇರಲಿಲ್ಲ. ಬೆಳಿಗ್ಗೆ ಬುಡ ನೋಡಿದರೆ ಒಳಗೆಲ್ಲ ಕಾಫಿ ಪುಡಿಯಂಥ ಕಂದು ಪುಡಿ. ಸುತ್ತ ಎರಡು ಬೆರಳು ದಪ್ಪ ಮಾತ್ರ ಗಟ್ಟಿ ಮರ. ಎಲೆಗೆ ನೀರು ಏರೋದಕ್ಕೆ ಆ ಎರಡು ಬೆರಳು ಸಾಕಿತ್ತು. ಮರ ನಿಲ್ಲೋದಕ್ಕೆ ಸಾಲಲಿಲ್ಲ.

ಎಲೆ ನೋಡಿದರೆ ಮರ ಬದುಕಿದೆಯಾ ಅಂತ ಗೊತ್ತಾಗುತ್ತದೆ. ನಿಲ್ಲುತ್ತದಾ ಅಂತ ತಿಳಿಯಬೇಕಾದರೆ ಬುಡ, ಬೇರು, ಕವೆ ನೋಡಬೇಕು. ಕೆಳಗೆ ಬರೆದಿರುವುದೆಲ್ಲ ಆ ಮೂರನ್ನು ಓದುವ ಬಗೆ.

ಮೊದಲು ಮರದ ಕೆಳಗೆ ಏನಿದೆ ನೋಡಿ

ತೋಟದ ಮೂಲೆಯಲ್ಲಿ ಒಣಗಿ ನಿಂತ ಮರ ಬಿದ್ದರೆ ಯಾರಿಗೂ ಏನೂ ಆಗಲ್ಲ. ಅದರಲ್ಲಿ ಮರಕುಟಿಗ ಗೂಡು ಮಾಡಿಕೊಂಡಿರಲಿ ಬಿಡಿ. ಮಲಗುವ ಕೋಣೆ, ಕೊಟ್ಟಿಗೆ, ಕರೆಂಟ್ ತಂತಿ, ಮಕ್ಕಳು ಓಡಾಡುವ ದಾರಿ, ಕಾರು ನಿಲ್ಲಿಸುವ ಜಾಗ, ಇವುಗಳಲ್ಲಿ ಒಂದಾದರೂ ಮರದ ಬೀಳಳತೆಯಲ್ಲಿ, ಅಂದರೆ ಮರ ಬಿದ್ದರೆ ತಲುಪುವಷ್ಟು ದೂರದಲ್ಲಿ, ಇದ್ದರೆ ಮಾತ್ರ ಮುಂದಿನ ತಲೆಬಿಸಿ.

ಬೀಳಳತೆ ತಿಳಿಯೋಕೆ ಒಂದು ಕೋಲು ಸಾಕು. ಕೈ ಚಾಚಿ ಹಿಡಿದಾಗ ಮುಷ್ಟಿಯಿಂದ ಕಣ್ಣಿಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲು ಮುರಿದುಕೊಳ್ಳಿ. ಅದನ್ನು ನೆಟ್ಟಗೆ ಹಿಡಿದು ಹಿಂದೆ ಹಿಂದೆ ಹೋಗಿ. ಕೋಲಿನ ಕೆಳತುದಿ ಮರದ ಬುಡಕ್ಕೆ, ಮೇಲ್ತುದಿ ಮರದ ನೆತ್ತಿಗೆ ಸರಿಹೊಂದಿದ ಕಡೆ ನಿಲ್ಲಿ. ಸಮತಟ್ಟು ಜಾಗವಾದರೆ ನೀವು ನಿಂತಲ್ಲಿಂದ ಮರಕ್ಕೆ ಎಷ್ಟು ದೂರವೋ, ಮರ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಬಿದ್ದ ಮೇಲೆ ಕೊಂಬೆ ಸಿಡಿಯುತ್ತದೆ, ಇಳಿಜಾರಾದರೆ ಜಾರುತ್ತದೆ. ಅದಕ್ಕೆ ನಾನು ಒಂದೂವರೆ ಪಟ್ಟು ಲೆಕ್ಕ ಹಿಡಿಯುತ್ತೇನೆ.

ಮರ ವಾಲಿದೆ

ಜನ ಜಾಸ್ತಿ ಹೆದರುವುದು ಇದಕ್ಕೆ. ವಾಲಿದ್ದು ಯಾವಾಗ ಅನ್ನೋದು ಮುಖ್ಯ.

ಸಣ್ಣದಿದ್ದಾಗಲೇ ಬೆಳಕಿಗಾಗಿ ವಾಲಿದ ಮರದ ಕಾಂಡ ಬಿಲ್ಲಿನ ಹಾಗೆ ಬಾಗಿರುತ್ತದೆ. ಬುಡ ಓರೆ, ನೆತ್ತಿ ನೇರ. ಇಂಥ ಮರ ವಾಲಿದ್ದಕ್ಕೆ ತಕ್ಕಂತೆ ವರ್ಷ ವರ್ಷ ಮರ ಕಟ್ಟಿಕೊಂಡು, ಬೇರು ಬಿಟ್ಟುಕೊಂಡು ಬಂದಿರುತ್ತದೆ. ನಮ್ಮ ಮಾವು ಈ ಜಾತಿ, ಈಗಲೂ ನಿಂತಿದೆ. ಬುಡದಿಂದ ನೆತ್ತಿವರೆಗೆ ಕಂಬ ಒರಗಿದ ಹಾಗೆ ಸಪಾಟಾಗಿ ಓರೆಯಾಗಿದ್ದರೆ ಅದು ದೊಡ್ಡದಾದ ಮೇಲೆ ವಾಲಿದ್ದು. ಅಂದರೆ ಬೇರು ಕದಲಿದೆ.

ಅನುಮಾನ ಇದ್ದರೆ ವಾಲಿದ ದಿಕ್ಕಿಗೆ ಎದುರು ಕಡೆ, ಬುಡದಿಂದ ಐದಾರು ಅಡಿ ದೂರದಲ್ಲಿ ತರಗೆಲೆ ಸರಿಸಿ ನೆಲ ನೋಡಿ. ಬಿಲ್ಲಿನಾಕಾರದ ಬಿರುಕು ಇದೆಯಾ? ನೆಲ ಉಬ್ಬಿದೆಯಾ? ಒಂದು ಸಲ ನನ್ನ ತೋರುಬೆರಳು ಎರಡನೇ ಗೆಣ್ಣಿನ ತನಕ ಬಿರುಕಿನೊಳಗೆ ಹೋಯಿತು. ಒಳಗೆ ಕಡ್ಡಿ ಆಡಿಸಿದರೆ ತುಂಡಾದ ಬೇರಿನ ತುದಿ ತಾಗಿತು, ಇನ್ನೂ ಹಸಿಯಾಗಿತ್ತು. ಆವತ್ತೇ ಆ ಕೋಣೆಯಲ್ಲಿ ಮಲಗುತ್ತಿದ್ದ ಅಜ್ಜಿಯನ್ನು ಮನೆಯ ಇನ್ನೊಂದು ಕಡೆಗೆ ಕಳಿಸಿದೆವು. ಬಿರುಕು ಕಂಡರೆ ಕಾದು ನೋಡುವ ಮಾತೇ ಇಲ್ಲ. ಮಣ್ಣು ನೆಂದಷ್ಟೂ ಬೇರಿನ ಹಿಡಿತ ಸಡಿಲ.

ಬಿರುಕಿಲ್ಲ, ಆದರೂ ಸಮಾಧಾನವಿಲ್ಲ ಅಂದರೆ ಕಿಟಕಿಯ ಸರಳಿಗೆ ಕಾಂಡದ ಅಂಚು ಹೊಂದಿಸಿ ಒಂದು ಫೋಟೋ ತೆಗೆಯಿರಿ. ನಿಂತ ಜಾಗಕ್ಕೆ ಗುರುತು ಹಾಕಿ. ಪ್ರತಿ ದೊಡ್ಡ ಮಳೆ ಆದ ಮೇಲೆ ಅಲ್ಲೇ ನಿಂತು ಇನ್ನೊಂದು ತೆಗೆಯಿರಿ. ಅಂಚು ಸರಿದಿದ್ದರೆ ಮರ ಕದಲುತ್ತಿದೆ.

ಬುಡದಲ್ಲಿ ಅಣಬೆ, ಅಥವಾ ಟೊಳ್ಳು ಸದ್ದು

ನೆಲದ ಮೇಲೆ ಕೊಡೆ ಬಿಚ್ಚಿದ ಮೆತ್ತನೆ ಅಣಬೆ ನೋಡಿ ಗಾಬರಿ ಬೇಡ. ಅದು ಎಷ್ಟೋ ಸಲ ಗೊಬ್ಬರದ್ದು, ತರಗೆಲೆಯದ್ದು. ಕಾಂಡಕ್ಕೇ ಅಂಟಿಕೊಂಡು ತಟ್ಟೆಯ ಹಾಗೆ ಚಾಚಿದ, ಮರದಷ್ಟೇ ಗಟ್ಟಿಯಾದ ಅಣಬೆ ಇದ್ದರೆ ನಿಲ್ಲಿ. ಮೇಲೆ ಅರಗು ಬಳಿದ ಹಾಗೆ ಕೆಂಪು ಕಂದು ಹೊಳಪು, ಅಂಚು ಬಿಳಿ ಅಂದರೆ ಅದು ಗ್ಯಾನೊಡರ್ಮಾ. ಅಡಿಕೆ ತೋಟದವರಿಗೆ ಅಣಬೆ ರೋಗ ಅಂದರೆ ಗೊತ್ತಲ್ಲ, ಅದನ್ನು ತರುವುದೂ ಇದರ ಜಾತಿಯದೇ. ಗುಲ್‌ಮೊಹರಿನ ಬುಡದಲ್ಲಿ ನಾನು ಇದನ್ನು ತುಂಬಾ ಕಂಡಿದ್ದೇನೆ. ಅಣಬೆ ಹೊರಗೆ ಬಂತು ಅಂದರೆ ಒಳಗೆ ಅದರ ಕೆಲಸ ವರ್ಷಗಟ್ಟಲೆ ನಡೆದಿದೆ. ಕಿತ್ತು ಬಿಸಾಕಿದರೆ ಗುರುತು ಹೋಗುತ್ತದೆ, ರೋಗ ಹೋಗಲ್ಲ.

ಈಗ ಕೊಡಲಿ ತಿರುಗಿಸಿ ಹಿಡಿದು, ಹಿಂಬದಿಯಿಂದ ಕಾಂಡವನ್ನು ಬಡಿಯಿರಿ. ಮರದ ಸುತ್ತಿಗೆ ಇದ್ದರೆ ಇನ್ನೂ ಒಳ್ಳೆಯದು. ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಂದು ಸುತ್ತು, ಮೂರಡಿಯಲ್ಲಿ ಒಂದು, ಎದೆಮಟ್ಟದಲ್ಲಿ ಒಂದು. ಗಟ್ಟಿ ಮರ 'ಟಣ್' ಅಂತ ಚಿಕ್ಕದಾಗಿ ಹೇಳಿ ಸುಮ್ಮನಾಗುತ್ತದೆ, ಕೊಡಲಿ ಕೈಗೆ ಒದೆಯುತ್ತದೆ. ಟೊಳ್ಳಾದಲ್ಲಿ ಮದ್ದಳೆಯ ಹಾಗೆ 'ಧುಂ' ಅನ್ನುತ್ತದೆ. ಕೊಳೆತು ಮೆತ್ತಗಾಗಿದ್ದರೆ ಸದ್ದೇ ಸತ್ತುಹೋಗುತ್ತದೆ, ಒದ್ದೆ ಗೋಣಿಗೆ ಹೊಡೆದ ಹಾಗೆ. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಎಳೆಯಿರಿ. ಸುತ್ತು ಮುಗಿಯುವ ಹೊತ್ತಿಗೆ ಟೊಳ್ಳಿನ ನಕಾಶೆಯೇ ಸಿಗುತ್ತದೆ. ಹಲಸು, ಆಲದಂಥ ಬುಡದಲ್ಲಿ ಗೋಡೆಯ ಹಾಗೆ ಏಣು ಚಾಚಿದ ಮರಗಳಲ್ಲಿ ಎರಡು ಏಣಿನ ನಡುವಿನ ತಗ್ಗು ತಪ್ಪಿಸಬೇಡಿ, ನೀರು ನಿಂತು ಮೊದಲು ಕೊಳೆಯುವುದು ಅಲ್ಲೇ.

ಟೊಳ್ಳು ಅಂದ ಕೂಡಲೇ ಕಡಿಯಬೇಕಾ? ಇಲ್ಲ. ಕೊಳವೆ ಕೂಡ ಗಟ್ಟಿಯೇ, ಬಿದಿರು ನೋಡಿ. ಕಾಂಡದ ಅಡ್ಡಳತೆಯ ಅರ್ಧದಷ್ಟು ಟೊಳ್ಳಾದರೂ ಬಾಗುವಿಕೆ ತಡೆಯುವ ಬಲ ಕಮ್ಮಿಯಾಗುವುದು ಶೇ. 6ರಷ್ಟು ಮಾತ್ರ. ಶೇ. 70 ಟೊಳ್ಳಾದರೆ ಶೇ. 24 ಕಮ್ಮಿ. ಅಲ್ಲಿಂದ ಮುಂದೆ ಧಡಾರ್ ಅಂತ ಇಳಿಯುತ್ತದೆ. ಶೇ. 90 ಟೊಳ್ಳಾದರೆ ಮೂರನೇ ಎರಡು ಭಾಗ ಬಲ ಹೋಯಿತು. ಜರ್ಮನಿಯ ಕ್ಲಾಸ್ ಮ್ಯಾಟ್ಹೆಕ್ ಅನ್ನುವ ವಿಜ್ಞಾನಿ ಮುರಿದ ಮರ, ನಿಂತ ಮರ ಎರಡನ್ನೂ ಅಳೆದು ಒಂದು ಲೆಕ್ಕ ಕೊಟ್ಟರು. ಸುತ್ತಲಿನ ಗಟ್ಟಿ ಗೋಡೆ ಕಾಂಡದ ಅರ್ಧವ್ಯಾಸದ ಶೇ. 30ಕ್ಕಿಂತ ತೆಳುವಾದರೆ ಹುಷಾರು. ಎರಡಡಿ ಅಡ್ಡಳತೆಯ ಮರಕ್ಕೆ ಇದು ಸುಮಾರು 9 ಸೆಂಟಿಮೀಟರ್, ಅಂದರೆ ಒಂದು ಅಂಗೈ ಅಗಲ. ಈ ಲೆಕ್ಕ ಎಲ್ಲ ಮರಕ್ಕೂ ಹೊಂದಲ್ಲ ಅನ್ನುವವರೂ ಇದ್ದಾರೆ. ಪೊಟರೆ ಬಾಯಿ ಒಂದು ಬದಿಗೆ ತೆರೆದಿದ್ದರೆ ಅಂಗೈ ಅಗಲವೂ ಸಾಲದು. ಸೀಳಿದ ಬಿದಿರು ಎಷ್ಟು ಸಲೀಸಾಗಿ ಬಗ್ಗುತ್ತದೆ ಅಂತ ಗೊತ್ತಲ್ಲ.

ಗೋಡೆ ಎಷ್ಟಿದೆ ನೋಡೋಕೆ 6 ಮಿಲಿಮೀಟರ್‌ನ ಉದ್ದ ಡ್ರಿಲ್ ಬಿಟ್ ಬಳಸುತ್ತೇನೆ. ಗಟ್ಟಿ ಇದ್ದಷ್ಟು ಹೊತ್ತು ಹಸಿ ಸಿಪ್ಪೆ ಬರುತ್ತದೆ. ಕೊಳೆತದ್ದು ಸಿಕ್ಕಿದ ಕೂಡಲೇ ಬಿಟ್ ಜಾರಿ ಒಳಗೆ ನುಗ್ಗುತ್ತದೆ, ಕಪ್ಪು ಪುಡಿ ಬರುತ್ತದೆ. ಒಂದೆರಡು ತೂತು ಸಾಕು. ಪ್ರತಿ ತೂತೂ ಕೊಳೆತಕ್ಕೆ ಹೊಸ ಬಾಗಿಲು.

ಪೊಟರೆಗೆ ಸಿಮೆಂಟ್ ತುಂಬಿಸಬೇಡಿ. ಮರ ಆಡುತ್ತದೆ, ಸಿಮೆಂಟ್ ಆಡಲ್ಲ. ನಡುವೆ ನೀರು ನಿಂತು ಕೊಳೆತ ಜಾಸ್ತಿಯಾಗುತ್ತದೆ. ಅಂಥ ಮರ ಕಡಿಯುವಾಗ ಚೈನ್‌ಸಾ ಹಲ್ಲು ಹೋಗುವುದು ಬೇರೆ.

ಗೆದ್ದಲು ಹತ್ತಿದೆ

ತೊಗಟೆ ಮೇಲೆ ಮಣ್ಣಿನ ಹೊದಿಕೆ ಮಾತ್ರ ಇದ್ದರೆ ಕೆರೆದು ನೋಡಿ. ಸಾಮಾನ್ಯವಾಗಿ ಅದು ಸತ್ತ ಹೊರತೊಗಟೆ ತಿನ್ನುತ್ತಿರುತ್ತದೆ, ಒಳಗೆ ಹಸಿರು ಕಾಣುತ್ತದೆ. ಪೊಟರೆಯೊಳಗಿಂದ ಅಥವಾ ಹಳೆ ಕೊಂಬೆ ಕಡಿದ ಗಾಯದಿಂದ ಗೆದ್ದಲು ಮಣ್ಣು ಉದುರುತ್ತಿದ್ದರೆ ಕೊಡಲಿ ಪರೀಕ್ಷೆಗೆ ಹೋಗಿ.

ಕವೆಯಲ್ಲಿ ಗೆರೆ ಬಿದ್ದಿದೆ

ಕಾಂಡ ಎರಡಾಗುವ ಕಡೆ ತೊಟ್ಟಿಲಿನ ಹಾಗೆ ಅಗಲವಾಗಿದ್ದರೆ ಚಿಂತೆಯಿಲ್ಲ. ಕತ್ತರಿಯ ಹಾಗೆ ಕಿರಿದಾಗಿ, ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿದ್ದರೆ ಎರಡು ಕವಲೂ ನಿಜವಾಗಿ ಅಂಟಿಕೊಂಡೇ ಇಲ್ಲ. ದಪ್ಪ ಆಗ್ತಾ ಆಗ್ತಾ ಒಂದನ್ನೊಂದು ತಳ್ಳುತ್ತವೆ. ಕವೆಯ ಕೆಳಗೆ ಎರಡೂ ಬದಿ ಕಿವಿಯ ಹಾಗೆ ಉಬ್ಬು, ಮಳೆ ನಿಂತು ಎರಡು ದಿನವಾದರೂ ಒಸರುವ ಕಪ್ಪು ನೀರು, ಗಾಳಿಗೆ 'ಕಿರ್' ಅನ್ನುವ ಸದ್ದು, ಇವು ಸೀಳುವ ಮುಂಚಿನ ಗುರುತು. ಇಂಥದ್ದರಲ್ಲಿ ಇಡೀ ಮರ ತೆಗೆಯಬೇಕಿಲ್ಲ. ಮನೆ ಕಡೆಯ ಕವಲಿನ ತೂಕ ಇಳಿಸಿದರೆ ಎಷ್ಟೋ ಮರ ಉಳಿಯುತ್ತವೆ. ಬಿರುಕು ಕಾಂಡದ ಕೆಳಗಿನ ತನಕ ಇಳಿದಿದ್ದರೆ ಮಾತ್ರ ಉಳಿಸುವ ಆಸೆ ಬಿಡಿ.

ನೆತ್ತಿ ಒಣಗುತ್ತಿದೆ

ಕಣ್ಣು ಮೇಲಿರುತ್ತದೆ, ದೋಷ ಕೆಳಗಿರುತ್ತದೆ. ನಾನು ಮೊದಲು ಕೇಳುವುದು, "ಎರಡು ಮೂರು ವರ್ಷದಲ್ಲಿ ಇಲ್ಲಿ ಏನಾದರೂ ಅಗೆಸಿದ್ದೀರಾ?" ಕಾಂಪೌಂಡ್ ಪಾಯ, ಚರಂಡಿ, ನೀರಿನ ಪೈಪು, ಜೆಸಿಬಿಯಲ್ಲಿ ಅಂಗಳ ಸಮ ಮಾಡಿದ್ದು, ಏನಾದರೊಂದು ಇದ್ದೇ ಇರುತ್ತದೆ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅನ್ನೋದು ಸುಮ್ನೆ ಮಾತು. ಬಹುಪಾಲು ಬೇರು ಮೇಲಿನ ಎರಡಡಿ ಮಣ್ಣಿನಲ್ಲೇ, ನೆರಳಿಗಿಂತಲೂ ಆಚೆಗೆ ಹರಡಿರುತ್ತದೆ. ಬುಡದಿಂದ ಮೂರಡಿ ದೂರದಲ್ಲಿ ಒಂದು ಬದಿ ಉದ್ದಕ್ಕೆ ಗುಂಡಿ ತೋಡಿದರೆ ಆ ಕಡೆಯ ಹಗ್ಗವೆಲ್ಲ ಕತ್ತರಿಸಿದ ಹಾಗೆ. ಬೆಂಗಳೂರಿನ ರಸ್ತೆ ಬದಿಯ ಗುಲ್‌ಮೊಹರ್, ಮಳೆ ಮರಗಳು ಮೇ ತಿಂಗಳ ಗಾಳಿಗೆ ಬುಡಸಮೇತ ಮಗುಚಿದಾಗ ಬೇರಿನ ತಟ್ಟೆ ನೋಡಿ. ಚರಂಡಿ ಕಡೆ ಎಷ್ಟೋ ಸಲ ಕತ್ತರಿಸಿದ ಹಾಗೆ ಸಪಾಟಾಗಿರುತ್ತದೆ. ಕಾಂಡದ ಸುತ್ತ ಕಾಂಕ್ರೀಟು ಬಿಗಿದಿದ್ದರೂ ಇದೇ ಕಥೆ.

ಬಂದಳಿಕೆ ಹಬ್ಬಿದ್ದರಿಂದಲೂ ಕೊಂಬೆ ತುದಿ ಒಣಗುತ್ತದೆ. ಆಗ ಆ ಕೊಂಬೆ ತೆಗೆದರೆ ಸಾಕು.

ಒಣಗಿದ ಕೊಂಬೆ ಬೀಳೋಕೆ ಗಾಳಿ ಬೇಡ, ಅದು ನೆನಪಿರಲಿ. ಸಿಲ್ವರ್ ಓಕ್, ಸ್ಪಾಥೋಡಿಯಾ (ನೀರುಕಾಯಿ ಮರ) ಇವು ಹಸಿಯಿದ್ದಾಗಲೇ ಪಟಕ್ ಅನ್ನುವ ಜಾತಿ.

ತೆಂಗು ಬೇರೆ ಲೆಕ್ಕ

ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಸತ್ತರೆ ಮರ ಸತ್ತಿತು. ಸಿಡಿಲು ಬಡಿದ ತೆಂಗು, ಸುಳಿ ಕೊಳೆತ ತೆಂಗು ಕೆಲವು ತಿಂಗಳು ಕಂಬದ ಹಾಗೆ ನಿಂತು, ಒಂದು ದಿನ ಮಂಡೆ ಕಳಚಿಕೊಂಡು ಬೀಳುತ್ತದೆ. ಕಾಂಡದಲ್ಲಿ ತೂತು, ಅದರಿಂದ ಕಂದು ಅಂಟು, ಅಗಿದ ನಾರಿನ ಹುಡಿ ಕಂಡರೆ ಕೆಂಪು ಮೂತಿ ಹುಳು. ಕಿವಿಗೊಟ್ಟರೆ ಕೆಲವೊಮ್ಮೆ ಒಳಗೆ ಕರಕರ ಸದ್ದೂ ಕೇಳುತ್ತದೆ. ಇಂಥ ಮರಕ್ಕೆ ಯಾರನ್ನೂ ಹತ್ತಿಸಬೇಡಿ. ಹಗ್ಗ ಹಾಕಿ ಬುಡದಿಂದ ಕೆಡವಬೇಕು, ಜಾಗ ಇಲ್ಲದಿದ್ದರೆ ಕ್ರೇನ್. ಹುಳು ತಿಂದ ಕಾಂಡ ತೋಟದಲ್ಲಿ ಬಿಟ್ಟರೆ ಪಕ್ಕದ ಮರಕ್ಕೆ ಹೋಗುತ್ತದೆ. ಸೀಳಿ ಸುಡಿ.

ತೆಗೆಯೋದೇ ಅಂತ ಆದರೆ

ನಿಮ್ಮ ಜಾಗದ ಮರವಾದರೂ ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ಹಾಲುವಾಣ, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಪಟ್ಟಿ ಆಮೇಲೆ ತಿದ್ದುಪಡಿ ಆಗಿರುವುದರಿಂದ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ, ಬೆಂಗಳೂರಾದರೆ ಪಾಲಿಕೆಯ ಅರಣ್ಯ ವಿಭಾಗದಲ್ಲಿ ಕೇಳಿಕೊಳ್ಳಿ. ಗಂಧ, ಬೀಟೆ, ತೇಗ ಅಂದರೆ ಕೇಳದೆ ಮುಟ್ಟಲೇಬೇಡಿ. ಅರ್ಜಿ ಜೊತೆ ಸೀಮೆಸುಣ್ಣ ಗೆರೆಯ ಫೋಟೋ, ಅಣಬೆಯ ಫೋಟೋ, ಮನೆಗೆ ಎಷ್ಟು ದೂರ ಅನ್ನೋದು ಕೊಟ್ಟರೆ ಕೆಲಸ ಸಲೀಸು. "ಮರ ಅಪಾಯಕಾರಿಯಾಗಿದೆ" ಅಂತ ಒಂದು ಸಾಲು ಬರೆದ ಅರ್ಜಿಗಳು ಕಟ್ಟುಗಟ್ಟಲೆ ಬಿದ್ದಿರುತ್ತವೆ.

ಎರಡನೆಯದು ತಂತಿ. ಕೊಂಬೆ ಲೈನಿನ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಕ್ಲಿಯರ್, ಅಂದರೆ ಆ ಲೈನಿನ ಕರೆಂಟ್ ಕಡಿಸಿದ ಖಾತ್ರಿ, ತೆಗೆದುಕೊಂಡ ಮೇಲೇ ಕೆಲಸ. "ಈಗ ಕರೆಂಟ್ ಇಲ್ಲ, ಬೇಗ ಕಡಿದುಬಿಡೋಣ" ಅನ್ನುವವರನ್ನು ವಾಪಸ್ ಕಳಿಸಿ. ಹೋದ ಕರೆಂಟ್ ಯಾವ ಗಳಿಗೆಗಾದರೂ ಬರುತ್ತದೆ, ಪಕ್ಕದ ಮನೆ ಜನರೇಟರಿನಿಂದಲೂ ತಂತಿಗೆ ಹರಿಯಬಹುದು. ಕಾಫಿ ತೋಟಗಳಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತವರ ಸುದ್ದಿ ಕೇಳದ ಮಲೆನಾಡಿನವರಿಲ್ಲ. ಆದರೂ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರೋಕೆ, ಅದೇ ಏಣಿ ಹೊತ್ತು ಬರುತ್ತಾರೆ.

ಕೆಡವುವ ಬಗೆಯನ್ನು ದೋಷವೇ ತೀರ್ಮಾನಿಸುತ್ತದೆ. ಬಯಲಲ್ಲಿರುವ ಗಟ್ಟಿ ಬುಡದ ಮರವಾದರೆ ಬೀಳಬೇಕಾದ ಕಡೆ ಕಾಂಡದ ಐದನೇ ಒಂದು ಅಥವಾ ನಾಲ್ಕನೇ ಒಂದು ಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಕೊಯ್ದು ಬರುತ್ತಾರೆ. ನಡುವೆ ಅಡ್ಡಳತೆಯ ಹತ್ತನೇ ಒಂದು ಭಾಗ ಕೊಯ್ಯದೆ ಬಿಡುತ್ತಾರೆ. ಅದೇ ಕೀಲು. ಬಾಗಿಲಿನ ಕೀಲಿನ ಹಾಗೆ ಮರವನ್ನು ಹಿಡಿದು ಇಳಿಸುವುದು ಅದು. ಬುಡ ಟೊಳ್ಳಾಗಿದ್ದರೆ ಕೀಲಿಗೆ ಮರವೇ ಇಲ್ಲ. ಆಗ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಜೋರಾಗಿ ವಾಲಿದ ಮರವನ್ನು ಹಿಂದಿನಿಂದ ಸುಮ್ಮನೆ ಕೊಯ್ದರೆ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಕೊಯ್ಯುವವನ ಎದೆಗೆ ಚಿಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ಮನೆಗೆ ತಾಗಿದ ಟೊಳ್ಳು ಮರವನ್ನು ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕು. ಕೊಳೆತ ಕಾಂಡಕ್ಕೇ ಹಗ್ಗ ಕಟ್ಟಿ ಇಳಿಸುವಂತಿಲ್ಲ, ಪಕ್ಕದ ಗಟ್ಟಿ ಮರ ಅಥವಾ ಕ್ರೇನ್ ಬೇಕು. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ತುಂಡು ಅಂದರೆ ಸುಮಾರು 200 ಕೆಜಿ. ಹೆಂಚಿನ ಮಾಡಿನ ಮೇಲೆ ಅದು ನಾಲ್ಕಡಿಯಿಂದ ಬಿದ್ದರೂ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಕೆಲಸದವರನ್ನು ಕರೆಸಿದಾಗ ರೇಟ್ ಕೇಳುವ ಮುಂಚೆ ಒಂದು ಮಾತು ಕೇಳಿ: "ಇದಕ್ಕೆ ಏನಾಗಿದೆ?" ಬುಡ ಬಡಿದು ನೋಡದೆ, ಸುತ್ತು ಬಾರದೆ "ಎಂಟು ಸಾವಿರ" ಅಂದವರಿಗೆ ಕೆಲಸ ಕೊಡಬೇಡಿ. ಹೆಲ್ಮೆಟ್, ಸೊಂಟದ ಬೆಲ್ಟು, ಎರಡನೇ ಹಗ್ಗ ಇದೆಯಾ, ಕೆಲಸಗಾರರಿಗೆ ವಿಮೆ ಇದೆಯಾ ಅಂತಲೂ ಕೇಳಿ. ಕೆಲಸ ನಡೆಯುವಾಗ ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಮನೆಯವರು, ನಾಯಿ, ಕರು ಯಾರೂ ಇರಬಾರದು. ಕಾಫಿ ಕೊಡೋಕೆ ಅಂತಲೂ ಹೋಗಬೇಡಿ.

ಬಿದ್ದು ಇನ್ನೊಂದು ಮರಕ್ಕೆ ಸಿಕ್ಕಿಕೊಂಡ ಮರ ಎಲ್ಲಕ್ಕಿಂತ ಕೆಟ್ಟದ್ದು. ಕೆಳಗೆ ನಿಂತು ಆಧಾರದ ಮರ ಕಡಿಯುವ ಧೈರ್ಯ ಯಾರೂ ಮಾಡಬಾರದು. ಪುಲ್ಲರ್ (ಹಗ್ಗ ಎಳೆಯುವ ಕೈಯಂತ್ರ) ಹಾಕಿ ದೂರದಿಂದ ಎಳೆಯಬೇಕು.

ಬಿದ್ದ ಮೇಲೆ ಬೊಡ್ಡೆ ನೋಡಿ

ನಾಟಾ ಸಾಗಿಸಿ ಗುಡಿಸಿದ ಮೇಲೆ ಬಹಳ ಜನ ಬೊಡ್ಡೆಗೆ ಮಣ್ಣು ಮುಚ್ಚಿಬಿಡುತ್ತಾರೆ. ಮುಚ್ಚುವ ಮೊದಲು ಒಂದು ಸಲ ಟೇಪು ಹಿಡಿಯಿರಿ. ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು, ಒಳಗೆ ನಿಜವಾಗಿ ಇದ್ದದ್ದು ಎರಡನ್ನೂ ಹೋಲಿಸಿ. ಹಿಂದಿನ ವರ್ಷ ಒಂದು ಮಳೆ ಮರಕ್ಕೆ ಸುತ್ತಲೂ ಅಂಗೈ ಅಗಲ ಗೋಡೆ ಇದೆ ಅಂತ ಸದ್ದು ಕೇಳಿ ಅಂದಾಜು ಮಾಡಿದ್ದೆ. ಕಡಿದು ನೋಡಿದರೆ ಮನೆ ಕಡೆ ಅಂಗೈ ಅಗಲವೇ ಇತ್ತು. ರಸ್ತೆ ಕಡೆ, ಹಿಂದೆ ಪೈಪಿಗೆ ಅಗೆದ ಬದಿಯಲ್ಲಿ, ಮೂರು ಬೆರಳು. ಅಲ್ಲಿ ಬೇರಿನಿಂದಲೇ ಕೊಳೆತ ಏರಿ ಬಂದಿತ್ತು. ನಾನು ಬಡಿದದ್ದು ಒಂದಡಿ ಎತ್ತರದಿಂದ ಮೇಲೆ. ಈಗ ಮೊದಲ ಸುತ್ತನ್ನು ಮಣ್ಣು ಕೆದರಿ, ಬೇರಿನ ಹೆಗಲಿನ ಮೇಲೆ ಬಡಿಯುತ್ತೇನೆ.